ಕೂಸು ತಿರುಗುತ್ತದೆಯೇ ಎಂದು ಕಾದ ವರ್ಷ

ನಮ್ಮ ಮನೆಯ ಕೂಸಿಗೆ ಅಂಗನವಾಡಿ ಕಾರ್ಡಿನಲ್ಲಿ ಒಂದು ಹೆಸರು, ಮನೆಯೊಳಗೆ ನಾಲ್ಕು. ಕಾರ್ಡಿನ ಹೆಸರು ಗೌರಿ. ಅದು ನಮ್ಮತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳಬಾರದು. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ನಾನು ಹೇಳಿದವಳಲ್ಲ. ಬರೆದರೆ ದೋಷವಿಲ್ಲ ಎಂದು ನನ್ನ ಸೊಸೆ ಸವಿತಾ ಹೇಳಿದ್ದಕ್ಕೆ ಇಲ್ಲಿ ಬರೆದಿದ್ದೇನೆ. ಹೆಣ್ಣು ಕೂಸು ಹುಟ್ಟಿದೆ ಎಂದು ಆಸ್ಪತ್ರೆಯಿಂದ ಮಗ ರವಿ ಫೋನು ಮಾಡಿದಾಗ ನಮ್ಮ ಯಜಮಾನರು ಜಗುಲಿಯಲ್ಲಿ ಕೂತು ಹೊಗೆಸೊಪ್ಪು ಕಟ್ಟುತ್ತಿದ್ದರು. ಅಂಟು ಹತ್ತಿದ ಕೈ ಒರೆಸಿಕೊಳ್ಳುವುದನ್ನೂ ಮರೆತು ಎದ್ದು ನಿಂತರು.

"ನಮ್ಮವ್ವನೇ ಬಂದವ್ಳೆ ಕಣೇ. ಬ್ಯಾರೆ ಹೆಸ್ರು ಯಾರೂ ಎತ್ತಬ್ಯಾಡಿ."

ಹೆಸರೇನೋ ಇಟ್ಟೆವು. ಕರೆಯುವವರು ಯಾರು? ಯಜಮಾನರಿಗೆ ಅದು ಹೆತ್ತ ತಾಯಿಯ ಹೆಸರು, ಅವರು 'ಅವ್ವಾ' ಎಂದೇ ಕರೆದರು. ನಾನು 'ಅತ್ತೆಮ್ಮ' ಎಂದೆ. ರವಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಜ್ಜಿಯ ಹೆಸರದು, ಅವನಿಗೂ ನಾಲಿಗೆ ಏಳದೆ 'ಪುಟ್ಟಿ' ಎಂದ. ಹಿರಿಯರ ಹೆಸರು ಹೊತ್ತ ಕೂಸನ್ನು ಆ ಹೆಸರು ಹಿಡಿದು ಗದರಿದರೆ ಹಿರಿಯರನ್ನೇ ಗದರಿದ ಹಾಗೆ. ಗದರದೆ ಮಕ್ಕಳನ್ನು ಸಾಕುವುದುಂಟೇ? ಅದಕ್ಕೆ ಸವಿತಾ 'ಬಂಗಾರಿ' ಎಂದಳು. ಪಕ್ಕದ ಮನೆಯ ಜಯಮ್ಮ ದಿನವೂ ಬಚ್ಚಲ ಬಾಗಿಲಿಗೆ ಬಂದು ನಗಾಡುತ್ತಿದ್ದಳು.

"ಏನಮ್ಮಿ, ಅತ್ತೆ ಕುಂಡಿ ತೊಳೀತಿದ್ದೀಯಾ? ಅವತ್ತು ಬೈಸ್ಕೊಂಡಿದ್ದಕ್ಕೆಲ್ಲ ಈಗ ಎರಡು ಬುಡು ಅತ್ಲಾಗೆ, ಯಾರ್ ಕೇಳ್ತಾರೆ!"

ನನ್ನ ಸಂತೋಷವನ್ನು ಹೇಳಿ ಮುಗಿಸಲಾರೆ. ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಾಗ ಹಾಲು ಉಕ್ಕುವ ಹಾಗೆ ಎದೆಗೆ ಬರುತ್ತಿತ್ತು. ಆದರೆ ಅದರ ಮೊದಲ ಒಂದೂವರೆ ವರ್ಷ, ಉಕ್ಕಿ ಬಂದದ್ದನ್ನೆಲ್ಲ ನಾನೇ ನೀರು ಚಿಮುಕಿಸಿ ಇಳಿಸಿದ್ದೇನೆ. ಯಾಕೆಂದು ಹೇಳಬೇಕಾದರೆ ಕೂಸಿನ ಅಣ್ಣ ಮನುವಿನಿಂದ ಶುರುಮಾಡಬೇಕು.

ಗಾವಡಗೆರೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುಂದೆ ಜಗುಲಿ, ಒಳಗೆ ಉದ್ದನೆಯ ನಡುಮನೆ, ಅದರ ಬೆನ್ನಿಗೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಅದರಾಚೆ ಕಟ್ಟಿದ ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸುವ ಬ್ಯಾರನ್ನು, ಎತ್ತರದ ಇಟ್ಟಿಗೆ ಗೋಡೆಯದು. ಸೊಪ್ಪಿನ ಕಾಲದಲ್ಲಿ ಅನ್ನಕ್ಕೂ ಹಾಸಿಗೆಗೂ ಒಂದೇ ವಾಸನೆ. ಎಲೆ ಕಟ್ಟುವ ಕಡ್ಡಿಗಳನ್ನು ಮನು ಜಗುಲಿಯ ಉದ್ದಕ್ಕೂ ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಆಗ ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಒಂದು ಕಡ್ಡಿ ಒಂದು ಬೆರಳು ಆಚೆ ಸರಿದರೂ ಕಿರುಚಿ ಮತ್ತೆ ಮೊದಲಿಂದ ಜೋಡಿಸುವನು. ನಾನು ಹೋಗಿ ಬರುವವರಿಗೆಲ್ಲ ತೋರಿಸಿ, ನಮ್ಮ ಮನುವಿನಷ್ಟು ಒಪ್ಪವಾಗಿ ದೊಡ್ಡವರೂ ಮಾಡುವುದಿಲ್ಲ ಎಂದು ಹೊಗಳುತ್ತಿದ್ದೆ. ಸವಿತಾ ಮಾತ್ರ ಹೊಗಳುತ್ತಿರಲಿಲ್ಲ. ಒಂದು ದಿನ ರಾಗಿ ಬೀಸಿಸಿಕೊಂಡು ಬಂದವಳು ಮೂಟೆ ಇಳಿಸದೆ ನಿಂತುಕೊಂಡೇ ಹೇಳಿದಳು.

"ಅತ್ತೆ, ಬಾಗಿಲಿಂದ ಆರು ಸಲ ಕರೆದೆ. ತಿರುಗ್ಲೇ ಇಲ್ಲ ಅವ್ನು. ಮೈಸೂರಿಗೆ ತೋರಿಸ್ಕೊಂಡ್ ಬರಾನ."

"ಅವ್ರಪ್ಪನೂ ಮೂರು ವರ್ಸಕ್ಕೇ ಬಾಯ್ಬುಟ್ಟಿದ್ದು. ಗಂಡುಮಕ್ಕಳು ತಡ ಕಣವ್ವ. ಆಸ್ಪತ್ರೆಗೆ ಓದ್ರೆ ಇಲ್ಲದ್ದೆಲ್ಲ ಅಂಟಿಸಿ ಕಳಿಸ್ತಾರೆ, ಸುಮ್ಕಿರು."

ಅವಳು ಸುಮ್ಮನಿದ್ದಳು. ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನಿದ್ದಳು, ನನ್ನ ಮಾತಿಗೆ.

ನಾನು ಹಾಗೆ ತಡೆದದ್ದಕ್ಕೆ ಕಾರಣ ಬೇರೆಯೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ತವರು ಮಿರ್ಲೆ ಕಡೆ. ಅಲ್ಲಿ ಒಂದು ಅಂಕಣದ, ಒಂದೇ ಕೋಣೆಯ ಮನೆಯಲ್ಲಿ ನನಗೊಬ್ಬ ತಮ್ಮನಿದ್ದ, ಕೆಂಪ. ಅವನೂ ಮಾತಾಡಲಿಲ್ಲ. ಕರೆದರೆ ತಿರುಗಲಿಲ್ಲ. ಬಿಸಿಲಿನಲ್ಲಿ ಧೂಳು ಆಡುವುದನ್ನು ನೋಡಿಕೊಂಡು ಹೊತ್ತು ಕಳೆಯುವನು. ಅಪ್ಪ ಅವ್ವ ನಾಟಿಗೆ ಹೋದರೆ ಅವನನ್ನು ನೋಡಿಕೊಳ್ಳಲು ಜನ ಬೇಕಲ್ಲ ಎಂದು ನನ್ನನ್ನು ನಾಲ್ಕನೇ ತರಗತಿಗೆ ಸ್ಕೂಲು ಬಿಡಿಸಿದರು. ನಾನು ನೋಡಿಕೊಂಡದ್ದು ಹೇಗೆ? ಅವ್ವನ ಹಳೆ ಸೀರೆಯ ಅಂಚು ಹರಿದು ಅವನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮನೆಯ ಕಂಬಕ್ಕೆ ಬಿಗಿದು, ಬೀದಿಯಲ್ಲಿ ಆಡಲು ಹೋಗುತ್ತಿದ್ದೆ. ಮುದ್ದೆ ತಣ್ಣಗಾದರೂ ಅವನು ಕೇಳುತ್ತಿರಲಿಲ್ಲ, ಹಾಗಾಗಿ ಎಷ್ಟೋ ಸಲ ಕೊಡುವುದೇ ಮರೆಯುತ್ತಿತ್ತು. ಹನ್ನೊಂದನೇ ವಯಸ್ಸಿಗೆ ಜ್ವರ ಬಂದು ಹೋದ. ಅವ್ವ ಮೂರು ದಿನ ಅತ್ತು, ಆಮೇಲೆ 'ಬುಡು, ಪಾರಾದ' ಎಂದಳು. ಕಂಬದಿಂದ ಆ ಸೀರೆಯ ಅಂಚನ್ನು ಬಿಚ್ಚಿದವಳು ನಾನು. ಬಿಚ್ಚುವಾಗ ನನಗೆ ಹಗುರವಾಯಿತು. ಈಗ ಮನುವಿಗೆ ಇರುವುದಕ್ಕೆ ಒಂದು ಹೆಸರು ಇದೆ ಎಂದಾದರೆ, ಕೆಂಪನಿಗೂ ಆ ಹೆಸರು ಬರುತ್ತದೆ. ಆಗ ನಾನು ಅವನಿಗೆ ಮಾಡಿದ್ದಕ್ಕೂ ಒಂದು ಹೆಸರು ಬರುತ್ತದೆ. ಅದಕ್ಕೇ ಮೈಸೂರು ಬೇಡ ಎಂದೆ.

ಮನುವಿಗೆ ಮೂರು ತುಂಬಿದ ಮೇಲೆ ಸವಿತಾ ನನ್ನನ್ನು ಕೇಳುವುದನ್ನು ಬಿಟ್ಟು ಗಂಡನ ಜೊತೆ ಮೈಸೂರಿಗೆ ಹೊರಟಳು. ಆಗ ಅವಳಿಗೆ ಏಳು ತಿಂಗಳು. ಸಂಜೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಜಗುಲಿಯಲ್ಲೇ ಕೂತಳು. ರವಿ ಹೇಳಿದ: ಅದು ಆಟಿಸಂ ಅಂತೆ, ರೋಗವಲ್ಲವಂತೆ, ಹುಟ್ಟಿನಿಂದ ಅವನು ಇರುವ ರೀತಿಯೇ ಅದಂತೆ, ವಾರಕ್ಕೊಂದು ದಿನ ಕರೆತಂದರೆ ಮಾತಿಗೂ ಕೈಕೆಲಸಕ್ಕೂ ತರಬೇತಿ ಕೊಡುತ್ತಾರಂತೆ. ಮುಂಚೆಯೇ ಬಂದಿದ್ದರೆ ಒಳ್ಳೆಯದಿತ್ತು ಎಂದರಂತೆ. ಇಷ್ಟು ಹೇಳಿ ನನ್ನ ಮುಖ ನೋಡದೆ ಎದ್ದು ಹೋದ. ಉಳಿದದ್ದನ್ನು ಸವಿತಾ ಹೇಳಿದಳು.

"ಒಂದಕ್ಕೆ ಇದ್ರೆ ಇನ್ನೊಂದಕ್ಕೂ ಬರೋ ಸಂಭವ ಸ್ವಲ್ಪ ಜಾಸ್ತಿಯಂತೆ ಅತ್ತೆ. ಹುಟ್ಟಿದ ಮೇಲೆ ಕಣ್ಣಿಟ್ಟಿರಿ ಅಂದ್ರು."

ಕಣ್ಣಿಟ್ಟೆವು. ಕೂಸು ಹುಟ್ಟಿದ ದಿನದಿಂದ ಮನೆಯವರೆಲ್ಲರ ಕಣ್ಣೂ ಅದರ ಮೇಲೆ. ಸದ್ದಿಗೆ ತಿರುಗುತ್ತದೆಯೇ ಎಂದು ಯಜಮಾನರು ತೊಟ್ಟಿಲ ಹಿಂದೆ ನಿಂತು ಸೈಕಲ್ಲಿನ ಬೀಗದ ಕೈ ಆಡಿಸುವರು. ನಾನು ಒಲೆಯ ಮುಂದಿನಿಂದ ತಟ್ಟೆ ಬೀಳಿಸುವೆ. ರವಿ ಗಾಡಿ ನಿಲ್ಲಿಸಿ ಒಳಗೆ ಬರುವ ಮೊದಲು ಹಾರನ್ ಹೊಡೆದು ಕಿಟಕಿಯಲ್ಲಿ ಇಣುಕುವನು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗದಂತೆ ಮಾಡುತ್ತಿದ್ದೆವು, ಗೊತ್ತಾಗದೆ ಇರುತ್ತಿರಲಿಲ್ಲ. ಐದು ತಿಂಗಳಿಗೆ ಕೂಸು ಬಾಯಿ ಅಗಲಿಸಿ ನಗತೊಡಗಿತು. ಜೊಲ್ಲು ಸುರಿಸಿಕೊಂಡು ಗೊಳ್ಳನೆ ನಗುವುದು! ನಾನು ಎತ್ತಿಕೊಂಡು ಓಡಿದೆ.

"ಸವಿತಾ, ನೋಡಿಲ್ಲಿ, ಹೆಂಗ್ ನಗ್ತದೆ! ಇದಕ್ಕೇನೂ ಇಲ್ಲ ಕಣೇ, ನಿನ್ನ ಹೆದರಿಕೆ ಎಲ್ಲ ಸುಳ್ಳು."

ಅವಳು ಬಟ್ಟೆ ಮಡಿಸುತ್ತಿದ್ದಳು. ಅದನ್ನು ಬಿಟ್ಟು ಫೋನು ತೆಗೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ಹಳೆಯ ವಿಡಿಯೋ: ಮನು, ಅದೇ ತೊಟ್ಟಿಲು, ಅಷ್ಟೇ ವಯಸ್ಸು. ನಗುತ್ತಿದ್ದ. ಜೊಲ್ಲು ಸುರಿಸಿಕೊಂಡು ಗೊಳ್ಳನೆ ನಗುತ್ತಿದ್ದ. ಹಿಂದಿನಿಂದ ನನ್ನದೇ ದನಿ, 'ರಾಜ, ನನ್ನ ರಾಜ' ಎಂದು.

"ಇವ್ನೂ ನಗ್ತಿದ್ದ ಅತ್ತೆ."

ಆಮೇಲೆ ಅವಳು ದಿನವೂ ಹಾಗೆಯೇ ಮಾಡತೊಡಗಿದಳು. ಕೂಸು ಮಗುಚಿಕೊಂಡರೆ ಮನು ಮಗುಚಿಕೊಂಡದ್ದನ್ನು ತೆಗೆಯುವಳು, ಕೂಸು ತೆವಳಿದರೆ ಅವನು ತೆವಳಿದ್ದನ್ನು. ಎಲ್ಲವೂ ಸರಿಯಾಗಿ ಹೊಂದುತ್ತಿತ್ತು, ಹೊಂದುತ್ತಿದ್ದುದೇ ಭಯ. ಮನು ಮಾತ್ರ ಅವಳ ಪಕ್ಕದಲ್ಲಿ ಬಂದು ಕೂತು ಫೋನಿನ ಬೆಳಕನ್ನು ನೋಡುತ್ತಿದ್ದ. ಅದರಲ್ಲಿರುವುದು ತಾನೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಹನ್ನೊಂದನೇ ತಿಂಗಳಲ್ಲಿ ಅಂಗನವಾಡಿ ಟೀಚರು ತೂಕ ನೋಡಲು ಬಂದರು. ಒಳ್ಳೆಯ ಹೆಂಗಸು, ಮನುವಿನ ವಿಷಯ ತಿಳಿದವರು. ನಡುಮನೆಯಲ್ಲಿ ಕೂಸು ಡಬ್ಬಿಯ ಮುಚ್ಚಳ ಹಿಡಿದು ನೆಲಕ್ಕೆ ಬಡಿಯುತ್ತಿತ್ತು. ಟೀಚರು ಅದರ ಬೆನ್ನ ಹಿಂದೆ ಕೂತು, ಕಾರ್ಡು ನೋಡಿಕೊಂಡು ಕರೆದರು.

"ಗೌರೀ... ಗೌರೀ..."

ಕೂಸು ತಿರುಗಲಿಲ್ಲ. ಮೂರು ಸಲ ಕರೆದು ಅವರು ಪೆನ್ನನ್ನು ನೆಲದ ಮೇಲಿಟ್ಟರು. ಯಜಮಾನರು ಜಗುಲಿಯಿಂದ ಎದ್ದು ಬಂದು ಜನ್ಮದಲ್ಲಿ ಮೊದಲ ಸಲ ತಾಯಿಯ ಹೆಸರು ಹಿಡಿದು ಕೂಗಿದರು. ಸವಿತಾ ಕೂಗಿದಳು. ಕೂಸು ಮುಚ್ಚಳ ಬಡಿಯುತ್ತಲೇ ಇತ್ತು. ನಾನೊಬ್ಬಳೇ ಕೂಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದವಳು.

"ಒಂದ್ಸಲ ಮೈಸೂರಿಗೆ ತೋರಿಸ್ಬಿಡಿ ಸವಿತಾ," ಎಂದು ಟೀಚರು ಮೆಲ್ಲಗೆ ಹೇಳಿದರು, "ಹೆದರ್ಸಕ್ಕಲ್ಲ, ಸುಮ್ನೆ."

ಮನುವನ್ನು ನೋಡಿದ್ದ ಮೈಸೂರಿನ ಡಾಕ್ಟರನ್ನು ಕಾಣುವ ದಿನ ಬರಲು ಆರು ವಾರ ಹಿಡಿಯಿತು. ಆ ಆರು ವಾರ ನಮ್ಮ ಮನೆ ಮನೆಯಂತಿರಲಿಲ್ಲ. ಟಿವಿ ಹಾಕಲಿಲ್ಲ, ಸದ್ದಿಗೆ ಕೂಸು ಗಮನ ತಪ್ಪುತ್ತದೆ ಎಂದು. ಇನ್ನು ಮುಂದೆ ಕಾರ್ಡಿನ ಹೆಸರನ್ನೇ ಕರೆಯಬೇಕು, ಅವ್ವ ಬಂಗಾರಿ ಏನೂ ಬೇಡ ಎಂದು ಸವಿತಾ ಕಟ್ಟು ಮಾಡಿದಳು. ಬೆಳಗಿಂದ ಬೈಗಿನವರೆಗೆ ಗೌರಿ, ಗೌರಿ, ಗೌರಿ. ಎತ್ತಿಕೊಳ್ಳುವುದಕ್ಕಲ್ಲ, ಉಣಿಸುವುದಕ್ಕಲ್ಲ, ತಿರುಗುತ್ತದೆಯೇ ಎಂದು ನೋಡುವುದಕ್ಕೆ. ಒಂದೊಂದು ಸಲ ತಿರುಗಿದರೂ ಅದು ಹೆಸರಿಗೋ ಸದ್ದಿಗೋ ಎಂದು ಜಗಳ. ಮನುವಿಗೆ ಆ ಕೂಗು ತಡೆಯಲಾಗದೆ ಎರಡೂ ಕಿವಿ ಮುಚ್ಚಿಕೊಂಡು ಬ್ಯಾರನ್ನಿನ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದ. ಬಾಣಂತನ ಮುಗಿದಾಗಿನಿಂದ ಪ್ರತಿ ಮಂಗಳವಾರ ಅವನನ್ನು ತರಬೇತಿಗೆ ಕರೆದೊಯ್ಯುತ್ತಿದ್ದವಳು ಸವಿತಾ. ಈಗ ಕೂಸನ್ನು ಬಿಟ್ಟು ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಒಂದು ಮಂಗಳವಾರ ತಪ್ಪಿತು, ಇನ್ನೊಂದು ತಪ್ಪಿತು, ಆಮೇಲೆ ವಾರದಲ್ಲಿ ಮಂಗಳವಾರವೆಂಬುದು ಇದೆ ಎಂಬುದನ್ನೇ ನಾವು ಮರೆತೆವು.

ನನಗೆ ಮಾತ್ರ ಬಚ್ಚಲಿನಲ್ಲಿ ಒಂದು ಗುಟ್ಟಿತ್ತು. ಬಾಗಿಲು ಹಾಕಿಕೊಂಡು, ಎಣ್ಣೆ ತಿಕ್ಕುತ್ತಾ, ಬಾಯಿ ತಡೆಯದೆ 'ಅತ್ತೆಮ್ಮ' ಎಂದುಬಿಡುತ್ತಿದ್ದೆ. ಕೂಸು ತಟ್ಟನೆ ನನ್ನ ಮುಖ ನೋಡುತ್ತಿತ್ತು. ನೋಡಿ ಎರಡು ಹಲ್ಲು ತೋರಿಸುತ್ತಿತ್ತು. ಇದನ್ನು ಸವಿತಾಳಿಗೆ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲವಲ್ಲ! ಕಾಗದದಲ್ಲಿ ಯಾವ ಹೆಸರಿದೆಯೋ ಪರೀಕ್ಷೆ ಆ ಹೆಸರಿಗೇ, ಬಚ್ಚಲಿನ ಹೆಸರು ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡೆ. ಕೂಸು ನನ್ನನ್ನು ನೋಡಿ ನಗುತ್ತಿದ್ದರೆ, ಪಾಪ, ಇದೂ ಹೋಯಿತಲ್ಲ ಎಂದು ಅದರ ತಲೆಗೆ ನೀರು ಹೊಯ್ಯುತ್ತಾ ಅಳುತ್ತಿದ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಚಾಪೆಯ ಮೇಲೆ ಆಟದ ಸಾಮಾನು ಹರಡಿಕೊಂಡು ತಾವೂ ಕೆಳಗೇ ಕೂತರು. ನಾವು ಮನುವನ್ನೂ ಸೇರಿಸಿ ಮನೆಮಂದಿಯೆಲ್ಲ ಹೋಗಿದ್ದೆವು. ಅವರೂ ಬೆನ್ನ ಹಿಂದಿನಿಂದ 'ಗೌರಿ' ಎಂದು ಕರೆದರು. ಕೂಸು ತಿರುಗಲಿಲ್ಲ. ಡಾಕ್ಟರು ಏನೋ ಯೋಚಿಸಿ ಕೇಳಿದರು.

"ಮನೇಲಿ ಇವಳನ್ನ ಏನಂತ ಕರೀತೀರಾ?"

ಯಜಮಾನರು ತಪ್ಪೊಪ್ಪಿಕೊಳ್ಳುವವರ ಹಾಗೆ, "ನಾನು ಅವ್ವ ಅಂತೀನಿ ಮೇಡಮ್," ಎಂದರು. ರವಿ 'ಪುಟ್ಟಿ' ಎಂದ. ಸವಿತಾ 'ಬಂಗಾರಿ' ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು.

"ನೀವಜ್ಜಿ?"

"ಅದು ನಮ್ಮತ್ತೆ ಹೆಸ್ರು ತಾಯಿ. ನಾನು ಹೇಳಂಗಿಲ್ಲ. ಅತ್ತೆಮ್ಮ ಅಂತೀನಿ."

"ಹಾಗಾದ್ರೆ ಈ ಗೌರಿ ಯಾರು?" ಎಂದು ಅವರು ನಕ್ಕರು. "ಕರೀರಿ ನೋಡೋಣ, ನೀವು ಕರೆಯೋ ಹಾಗೇ."

ನಾನು ಗೋಡೆಯ ಪಕ್ಕದಿಂದ ಕರೆದೆ. ಕೂಸು ಕೈಯಲ್ಲಿದ್ದ ಗಿಲಕಿ ಬಿಟ್ಟು ತಿರುಗಿತು, ನನ್ನನ್ನು ಹುಡುಕಿತು, ಸಿಕ್ಕಿದ ಮೇಲೆ ನಕ್ಕಿತು. ಯಜಮಾನರು ಕರೆದರೂ ತಿರುಗಿತು. ರವಿ ಕರೆದರೂ. ಸವಿತಾ ಕರೆಯುವ ಬದಲು ಚಾಪೆಗೆ ಇಳಿದು ಕೂಸನ್ನು ಎತ್ತಿಕೊಂಡಳು. ಡಾಕ್ಟರು ಬಿಡಿಸಿ ಹೇಳಿದರು: ಆ ಹೆಸರು ಮೊದಲೇ ಅವಳಿಗೆ ಗೊತ್ತಿರಲಿಲ್ಲ, ಆಮೇಲೆ ಕರೆದು ಕರೆದು ಸುಮ್ಮನಾಗಿದ್ದೀರಿ, ಎತ್ತಿಕೊಂಡಿಲ್ಲ, ಆಡಿಸಿಲ್ಲ, ಅವಳಿಗೆ ಅದು ಫ್ಯಾನಿನ ಸದ್ದಿನ ಹಾಗೆ ಆಗಿದೆ. ಆದರೆ ಇದೊಂದರಿಂದ ಯಾವ ಕಡೆಗೂ ತೀರ್ಮಾನ ಮಾಡಬೇಡಿ, ಅವಳಿಗೆ ಒಂದೂವರೆ ವರ್ಷವಾದಾಗ ಮತ್ತೆ ಬನ್ನಿ. ಅಷ್ಟು ಹೇಳಿ ಮನುವಿನ ಫೈಲು ತೆರೆದರು. ಅವರ ಮುಖದ ನಗು ಹೋಯಿತು.

"ಇವನು ಆರು ವಾರದಿಂದ ಬಂದಿಲ್ಲ. ಮೊದಲು 'ಕೊಡು' ಅಂತಿದ್ದ ಅಂತ ಬರೆದಿದೆ. ಈಗಲೂ ಅಂತಾನಾ?"

ಮನು ನೀರು ಬೇಕಾದರೆ 'ಕೊಡು' ಎನ್ನುತ್ತಿದ್ದ. ಅದೊಂದೇ ಮಾತು ಅವನಿಗೆ ಬಂದಿದ್ದದ್ದು, ಎಂಟು ತಿಂಗಳ ತರಬೇತಿಯಲ್ಲಿ. ಕೊನೆಯ ಸಲ ಯಾವಾಗ ಅಂದ ಎಂದು ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ಗೊತ್ತಿರಲಿಲ್ಲ.

ಮಂಗಳವಾರಗಳು ಮತ್ತೆ ಶುರುವಾದವು. ಮನುವಿನ ಆ ಒಂದು ಮಾತು ಮತ್ತೆ ಬರಲಿಲ್ಲ. ಕೂಸು ಅದರ ಪಾಡಿಗೆ ಎದ್ದು ನಿಂತಿತು, ನಡೆಯಿತು, ಹಸುವನ್ನು ಬೆರಳು ಮಾಡಿ ತೋರಿಸಿತು. ಒಂದೂವರೆ ವರ್ಷಕ್ಕೆ ಮತ್ತೆ ಹೋದಾಗ ಡಾಕ್ಟರು ಬಹಳ ಹೊತ್ತು ನೋಡಿ, ವಯಸ್ಸಿಗೆ ತಕ್ಕ ಹಾಗೆ ಇದ್ದಾಳೆ, ಸದ್ಯಕ್ಕೆ ಚಿಂತೆ ಮಾಡುವಂಥದ್ದು ಏನೂ ಕಾಣುವುದಿಲ್ಲ ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡುಬಿಟ್ಟೆ. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಅಂಗಡಿಗೆ ನುಗ್ಗಿ ಸಕ್ಕರೆ ಕಟ್ಟಿಸಿದೆ. ನಮ್ಮ ಬೀದಿಗೆ ಬರುವಷ್ಟರಲ್ಲಿ ನನಗೆ ಕಾಲು ನೆಲದ ಮೇಲಿರಲಿಲ್ಲ. ಜಯಮ್ಮನ ಕೈಗೆ ಹಿಡಿ ಸಕ್ಕರೆ ಸುರಿದೆ, ಎದುರು ಮನೆಗೆ ಕೊಟ್ಟೆ, ನಲ್ಲಿಯ ಹತ್ತಿರ ಇದ್ದವರಿಗೆಲ್ಲ ಕೊಟ್ಟೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ.

"ನಮ್ ಕೂಸು ಸರಿಯಾಗೈತಂತೆ ಕಣ್ರವ್ವಾ! ಅವ್ರಣ್ಣನಂಗಲ್ವಂತೆ! ನಮ್ ಮನೆ ದೇವ್ರು ಕಣ್ ಬುಟ್ಟ!"

ಹಿಂದೆ ಸವಿತಾ ಬರುತ್ತಿದ್ದಳು, ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಮನುವಿನ ಕೈ. ನಾನು ಅವಳ ಬಾಯಿಗೂ ಸಕ್ಕರೆ ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಒಳಗೆ ಬಂದು, ಕೂಸನ್ನು ಕೆಳಗಿಳಿಸಿ, ಮನುವಿನ ಚಪ್ಪಲಿ ಬಿಚ್ಚಿದಳು. ಆಮೇಲೆ ಕೇಳಿದಳು.

"ಮನು ಹುಟ್ಟಿದಾಗ ಬೀದಿಗೆ ಏನ್ ಹಂಚಿದ್ರಿ ಅತ್ತೆ?"

"ಸಕ್ರೆ ಕಣವ್ವ. ಗಂಡು ಮಗ, ಮೊದಲ್ನೇದು, ಹಂಚ್ದೆ ಇರ್ತೀನಾ?"

"ಅದನ್ನ ಇವತ್ತು ಮನೆಮನೆಗೂ ಓಗಿ ವಾಪಸ್ ಇಸ್ಕೊಂಡ್ರಿ."

ನನಗೆ ಸಿಟ್ಟೇ ಬಂತು. ಕೂಸು ಚೆನ್ನಾಗಿದೆ ಎಂದು ಖುಷಿಪಟ್ಟರೆ ತಪ್ಪೇ, ಹೆತ್ತವಳಿಗೇ ಬೇಡವಾದ ಖುಷಿ ನನಗೇಕೆ ಎಂದು ಕೂಗಾಡಿದೆ. ಸವಿತಾ ಕೂಗಲಿಲ್ಲ.

"ನನಗೂ ಖುಷಿ ಆಗೈತೆ. ಬಸ್ಸಲ್ಲಿ ಉಸಿರು ಕಟ್ಟಂಗೆ ಖುಷಿ ಆಯ್ತು. ಅದಕ್ಕೇ ಇವನ ಮುಖ ನೋಡಕ್ ಆಯ್ತಿಲ್ಲ. ನಾವು ಪಾರಾದ್ವಿ ಅಂತ ಖುಷಿಪಡ್ತಾ ಇದ್ದೀವಲ್ಲ, ಯಾರಿಂದ ಪಾರಾದ್ವಿ? ಇಲ್ಲೇ ಕೂತವ್ನಲ್ಲ, ಇವನಿಂದ."

ಕೆಂಪನಿಗಾಗಿ ಮೂರು ದಿನ ಅತ್ತ ಮೇಲೆ ನಮ್ಮವ್ವ ಆಡಿದ 'ಪಾರಾದ' ಎಂಬ ಮಾತೇ ಅದು. ಸವಿತಾಳಿಗೆ ಅದು ಗೊತ್ತಿರಲಿಲ್ಲ. ನಾನು ಕಂಬಕ್ಕೆ ಒರಗಿ ಕೂತೆ, ಉಳಿದ ಸಕ್ಕರೆ ಮಡಿಲಿನಲ್ಲೇ ಇತ್ತು. ಆ ದಿನ ಅವಳಿಗೆ ಎಲ್ಲವನ್ನೂ ಹೇಳಿದೆ, ಸೀರೆಯ ಅಂಚು, ತಣ್ಣಗಾದ ಮುದ್ದೆ, ಬಿಚ್ಚುವಾಗ ಆದ ಹಗುರ, ಮೈಸೂರು ಬೇಡವೆಂದ ಕಾರಣ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಅನ್ನಕ್ಕೆ ಇಟ್ಟಳು. ಮಾರನೆಯ ವಾರದಿಂದ ಮಂಗಳವಾರ ನಾನೂ ಜೊತೆಗೆ ಹೊರಟೆ, ಅವಳು ಬೇಡ ಎನ್ನಲಿಲ್ಲ.

ಕೂಸಿಗೆ ಈಗ ಮಾತು ಹರಿಯುತ್ತದೆ. ಮೊದಲ ಸಲ 'ಅಜ್ಜಿ' ಎಂದಾಗ ಮನು ಅಲ್ಲೇ ಇದ್ದ, ನಾನು ನಗು ತಡೆಯಲು ತುಟಿ ಕಚ್ಚಿಕೊಂಡು ಹಿತ್ತಲಿಗೆ ಓಡಿದೆ. ಸವಿತಾ ನೋಡಿಬಿಟ್ಟಳು.

"ಮನೆ ಒಳಗೇ ನಗಿ ಅತ್ತೆ. ಅವನ ಮುಂದೇನೇ ನಗಿ. ಆದ್ರೆ ಅವನು ಏನಾರ ಮಾಡ್ದಾಗ್ಲೂ ಇಷ್ಟೇ ನಗ್ಬೇಕು."

ಆಗಲಿ ಎಂದೆ. ಮೊನ್ನೆ ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮನು ನೀರು ಕುಡಿಯುವ ಲೋಟವನ್ನು ತಂದು ನನ್ನ ಕೈಗೆ ಒತ್ತಿ ನಿಂತ. ನಾನು ಅದನ್ನೂ ತೊಳೆದು ಬೋರಲು ಹಾಕಿದೆ. ಇನ್ನೆರಡು ತಟ್ಟೆ ಬೆಳಗಿದ ಮೇಲೆ ತಿಳಿಯಿತು: ಮಾತು ಹೋದ ಮೇಲೆ ಅವನು ಯಾರ ಕೈಗೂ ಏನನ್ನೂ ಕೊಟ್ಟಿರಲಿಲ್ಲ, ಬೇಕು ಎಂದು ಕೇಳಿರಲಿಲ್ಲ. ಅದು ತೊಳೆಯಲು ಕೊಟ್ಟದ್ದಲ್ಲ, ನೀರು 'ಕೊಡು' ಎಂದದ್ದು. ಧಡಕ್ಕನೆ ಎದ್ದು ಲೋಟ ತುಂಬಿಕೊಂಡು ತಿರುಗಿದರೆ, ಅವನು ಆಗಲೇ ಹಿತ್ತಲ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದ. ನಾನು ಲೋಟ ಕೆಳಗಿಟ್ಟು ಹಸಿ ಕೈಯಲ್ಲಿ ಚಪ್ಪಾಳೆ ತಟ್ಟಿ ನಕ್ಕೆ. ಬೀದಿಗೆ ಕೇಳುವ ಹಾಗೆ ನಕ್ಕೆ. ಅವನು ತಿರುಗಲಿಲ್ಲ. ಸವಿತಾ ಬಾಗಿಲಿನಲ್ಲಿ ನಿಂತಿದ್ದಳು, ಎಲ್ಲವನ್ನೂ ನೋಡಿದ್ದಳು.

"ಇನ್ನೊಂದ್ಸಲ ಕೊಟ್ಟಾನು. ಎದ್ದು ಓಗ್ಬ್ಯಾಡಿ."

ನಾನು ಒದ್ದೆ ಕಲ್ಲಿನ ಮೇಲೆ ಕಾಯುತ್ತಾ ಕೂತೆ.